ಲೇಖಕರೇ ಬರೆದುಕೊಟ್ಟ ಸ್ಪೈ ಕಾದಂಬರಿ, ಮೊದಲ ಮುದ್ರಣ: ದುಡ್ಡು ಕೊಡುವ ಮುಂಚೆ ಏನು ನೋಡುತ್ತೀರಿ?

ಹಳೆಹಾಳೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ಸ್ಪೈ ಕಾದಂಬರಿಕಾರ ಜಾನ್ ಲೆ ಕಾರೆಯ ಮೊದಲ ಮುದ್ರಣಗಳನ್ನು ನಿಧಾನಕ್ಕೆ ಕೂಡಿಸುತ್ತಾ ಬಂದಿದ್ದೇನೆ. ಇರುವುದೆಲ್ಲ ಸಹಿ ಇಲ್ಲದ ಪ್ರತಿಗಳು. ಈಗ ಇಂಗ್ಲೆಂಡಿನ ಒಬ್ಬ ವ್ಯಾಪಾರಿಯ ಹತ್ತಿರ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' ಇದೆ. ಹಾಡರ್ ಅಂಡ್ ಸ್ಟೌಟನ್, 1974. ಶೀರ್ಷಿಕೆ ಪುಟದಲ್ಲಿ ಒಬ್ಬರ ಹೆಸರು, ಒಂದು ಸಾಲಿನ ಶುಭಾಶಯ, ಕೆಳಗೆ ಲೇಖಕನ ಸಹಿ. ಪುಸ್ತಕ ಪಡೆದವರದು ಬರೀ ಮೊದಲ ಹೆಸರು ಇದೆ, ಮನೆತನದ ಹೆಸರಿಲ್ಲ. ಆ ವ್ಯಕ್ತಿ ಯಾರು ಅಂತ ವ್ಯಾಪಾರಿಗೂ ಗೊತ್ತಿಲ್ಲ.

ಅದೇ ಅಂಗಡಿಯಲ್ಲಿ ಬರೀ ಸಹಿ ಇರುವ ಇನ್ನೊಂದು ಪ್ರತಿಯೂ ಇದೆ, ಹೆಚ್ಚುಕಡಿಮೆ ಅದೇ ಬೆಲೆ. ಯಾವುದು ತಗೊಂಡರೆ ಮೇಲು? ಗುರುತಿಲ್ಲದವರ ಹೆಸರು ಪುಸ್ತಕದ ಬೆಲೆ ಏರಿಸುತ್ತದಾ, ಇಳಿಸುತ್ತದಾ? ಅನುಭವ ಇದ್ದವರು ಹೇಳಿ.

ಪೇಟೆಬೀದಿ (ಬೆಂಗಳೂರು)

ಸಾರ್, ಸಹಿ ಆಮೇಲೆ ನೋಡೋಣ. ಮೊದಲು ಪುಸ್ತಕ ನೋಡಿ. ಎಷ್ಟೋ ಜನ ಕೈಬರಹ ಕಂಡ ಕೂಡಲೇ ಮರುಳಾಗಿ, ಅದು ಮೂರನೇ ಮುದ್ರಣವೋ ಬುಕ್ ಕ್ಲಬ್ ಪ್ರತಿಯೋ ಅಂತ ತಿರುವಿಯೂ ನೋಡುವುದಿಲ್ಲ.

ಒಂದೊಂದು ಪ್ರಕಾಶಕರದು ಒಂದೊಂದು ಪದ್ಧತಿ. ಜೇಮ್ಸ್ ಬಾಂಡ್ ಕಾದಂಬರಿಗಳನ್ನು ಬರೆದ ಇಯಾನ್ ಫ್ಲೆಮಿಂಗ್‌ನ ಪ್ರಕಾಶಕ ಜೊನಾಥನ್ ಕೇಪ್. ಅವರು ಕಾಪಿರೈಟ್ ಪುಟದಲ್ಲಿ ಮೊದಲು ಪ್ರಕಟವಾದ ವರ್ಷ ಹಾಕುತ್ತಾರೆ, ಮರುಮುದ್ರಣ ಆದರೆ ಅದರ ಕೆಳಗೆ ಸೇರಿಸುತ್ತಾರೆ. ಲೆ ಕಾರೆಯ ಮೊದಲ ಮೂರು ಪುಸ್ತಕ ತಂದದ್ದು ಗೊಲಾಂಕ್ಸ್. ಅವರ ಮೊದಲ ಮುದ್ರಣದಲ್ಲಿ ಸಾಮಾನ್ಯವಾಗಿ 'ಮೊದಲ ಮುದ್ರಣ' ಅಂತ ಏನೂ ಬರೆದಿರುವುದಿಲ್ಲ. ಮರುಮುದ್ರಣ ಆದಾಗ ಮಾತ್ರ ನಮೂದಿಸುತ್ತಿದ್ದರು. ಅಲ್ಲಿ ಏನೂ ಇಲ್ಲದಿರುವುದೇ ಗುರುತು.

ಆಮೇಲೆ ಜಾಕೆಟ್, ಅಂದರೆ ರಟ್ಟಿನ ಮೇಲೆ ಸುತ್ತಿರುವ ಕಾಗದದ ಹೊದಿಕೆ. ಈ ಪುಸ್ತಕಗಳಲ್ಲಿ ಬೆಲೆಯ ದೊಡ್ಡ ಪಾಲು ಆ ಒಂದು ಹಾಳೆಯಲ್ಲೇ ಇರುತ್ತದೆ. ಮೊದಲ ಬಾಂಡ್ ಕಾದಂಬರಿ 'ಕ್ಯಾಸಿನೋ ರಾಯಲ್' ತಗೊಳ್ಳಿ. 1953ರ ಏಪ್ರಿಲ್ 13ಕ್ಕೆ ಬಂತು, ಬೆಲೆ ಹತ್ತೂವರೆ ಶಿಲ್ಲಿಂಗ್. ಮೊದಲ ಮುದ್ರಣದಲ್ಲಿ ಬೈಂಡ್ ಆದದ್ದು 4,728 ಪ್ರತಿ. ಅದರಲ್ಲಿ ಎಷ್ಟೋ ಲೈಬ್ರರಿಗಳಿಗೆ ಹೋಗಿ, ಕೈಯಿಂದ ಕೈಗೆ ದಾಟಿ, ಹರಿದು ಹಣ್ಣಾದವು. ಮುಂದಿನ ತಿಂಗಳೇ ಎರಡನೇ ಮುದ್ರಣ. ಮೊದಲ ಜಾಕೆಟ್ಟಿನ ಮುಂದಿನ ಒಳಮಡಿಕೆಯಲ್ಲಿ 'ಸಂಡೇ ಟೈಮ್ಸ್' ವಿಮರ್ಶೆಯ ಸಾಲು ಇರುವುದಿಲ್ಲ. ಆಮೇಲಿನದರಲ್ಲಿ ಇರುತ್ತದೆ. ಪುಸ್ತಕ ಮೊದಲನೆಯದು, ಜಾಕೆಟ್ ಮಾತ್ರ ಆಮೇಲಿನದು, ಹೀಗೆ ಜೋಡಿ ಮಾಡಿ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ನನಗೆ ಒಬ್ಬರು (ಹೆಸರು ಬೇಡ) ಕಳಿಸಿದ ಜಾಕೆಟ್ ಈಚೆಗೆ ಪ್ರಿಂಟ್ ಹಾಕಿದ ನಕಲಾಗಿತ್ತು. ಮಡಿಕೆಯ ಅಂಚಿನಲ್ಲಿ ಸವೆತವೇ ಇಲ್ಲ. ಒಳಬದಿ ಹಾಲಿನಂತೆ ಬೆಳ್ಳಗಿತ್ತು. ಭೂತಗನ್ನಡಿ ಹಿಡಿದು ನೋಡಿದರೆ, ಹಳೆ ಹರಕಿನ ಚಿತ್ರವೂ ಜೊತೆಗೇ ಅಚ್ಚಾಗಿದೆ! ಬೆರಳಾಡಿಸಿದರೆ ಅಲ್ಲಿ ಕಾಗದ ನುಣ್ಣಗೆ. ವಾಪಸ್ ಕಳಿಸಿದೆ, ದುಡ್ಡು ಬರುವಷ್ಟರಲ್ಲಿ ಸಾಕುಸಾಕಾಯಿತು.

ಸುಮ್ನೆ ಓದುಗ

ಕೇಳ್ತೀನಿ ಅಂತ ಬೇಜಾರಾಗಬೇಡಿ. ಅದೇ ಕತೆ ಅವೆನ್ಯೂ ರೋಡಿನಲ್ಲಿ ಹಳೆ ಪೇಪರ್‌ಬ್ಯಾಕಿನಲ್ಲಿ ಸಿಗುತ್ತದೆ, ಒಂದು ಮಸಾಲೆ ದೋಸೆ ದುಡ್ಡಿಗೆ. ಅಕ್ಷರ ಒಂದೂ ಬದಲಾಗುವುದಿಲ್ಲ. ಒಬ್ಬ ಬ್ರಿಟಿಷ್ ಲೇಖಕ ಯಾರಿಗೋ 'ಪ್ರೀತಿಯಿಂದ' ಅಂತ ಬರೆದದ್ದಕ್ಕೆ ನಾವ್ಯಾಕೆ ಲಕ್ಷಗಟ್ಟಲೆ ಕೊಡಬೇಕು?

ರೀಡಿಂಗ್ ಕನ್ನಡತಿ (ಇಂಗ್ಲೆಂಡ್)

'ಯಾರಿಗೋ' ಅಂದಿರಲ್ಲ, ಇಡೀ ವ್ಯವಹಾರ ನಿಂತಿರುವುದೇ ಅದರ ಮೇಲೆ. ಬರೀ ಸಹಿ ಅಂದರೆ ಲೇಖಕ ಆ ಪುಸ್ತಕ ಮುಟ್ಟಿದ್ದ ಅಂತ, ಅಷ್ಟೇ. ಹೆಸರು ಬರೆದುಕೊಟ್ಟಿದ್ದರೆ ಇಬ್ಬರ ನಡುವೆ ಏನೋ ನಡೆದಿತ್ತು ಅಂತ ಗೊತ್ತಾಗುತ್ತದೆ. ಆ ಇನ್ನೊಬ್ಬರು ಯಾರು ಅಂತ ತಿಳಿದರೆ ಪುಸ್ತಕದ ಕತೆಯೇ ಬೇರೆ.

ಉದಾಹರಣೆಗೆ ಫ್ಲೆಮಿಂಗ್. ಜಮೈಕಾದ ತನ್ನ ಗೋಲ್ಡನ್‌ಐ ಮನೆಯಲ್ಲಿ ಕೂತು ಬರೆಯುವಾಗ ನಾಯಕನಿಗೆ ಒಂದು ಸಪ್ಪೆ ಹೆಸರು ಬೇಕಿತ್ತು. ಕೈಗೆ ಸಿಕ್ಕಿದ್ದು ವೆಸ್ಟ್ ಇಂಡೀಸ್ ಹಕ್ಕಿಗಳ ಬಗ್ಗೆ ಫಿಲಡೆಲ್ಫಿಯಾದ ಪಕ್ಷಿತಜ್ಞನೊಬ್ಬ ಬರೆದ ಪುಸ್ತಕ. ಲೇಖಕನ ಹೆಸರು ಜೇಮ್ಸ್ ಬಾಂಡ್. ಎತ್ತಿಕೊಂಡ. ಎಷ್ಟೋ ವರ್ಷ ಆದಮೇಲೆ ಆ ಪಕ್ಷಿತಜ್ಞ ಹೆಂಡತಿ ಜೊತೆ ಗೋಲ್ಡನ್‌ಐಗೆ ಹೋದ. ಫ್ಲೆಮಿಂಗ್ ಅವನಿಗೆ 'ಯೂ ಓನ್ಲಿ ಲಿವ್ ಟ್ವೈಸ್' ಕೊಟ್ಟು, 'ನಿಜವಾದ ಜೇಮ್ಸ್ ಬಾಂಡ್‌ಗೆ, ಅವನ ಗುರುತು ಕದ್ದ ಕಳ್ಳನಿಂದ' ಎಂಬರ್ಥದಲ್ಲಿ ಬರೆದ. ತಾರೀಕು 1964ರ ಫೆಬ್ರವರಿ 5. 2008ರಲ್ಲಿ ಆ ಪ್ರತಿ ಹರಾಜಿಗೆ ಬಂದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿ. ಅದರಿಂದ ಆ ಸಾಲು ತೆಗೆದುಬಿಟ್ಟರೆ ಉಳಿಯುವುದು ಬೇಕಾದಷ್ಟು ಸಿಗುವ ಒಂದು ಬಾಂಡ್ ಕಾದಂಬರಿ.

ಎಲ್ಲಕ್ಕಿಂತ ಮೇಲೆ ಅರ್ಪಣೆಯ ಪ್ರತಿ. ಪುಸ್ತಕ ಯಾರಿಗೆ ಅರ್ಪಿತವೋ ಅವರಿಗೇ ಲೇಖಕ ಕೊಟ್ಟದ್ದು. 'ಗೋಲ್ಡ್‌ಫಿಂಗರ್' (1959) ವಿಲಿಯಂ ಪ್ಲೋಮರ್‌ಗೆ ಅರ್ಪಿತ. ಪ್ಲೋಮರ್ ಕೇಪ್‌ನಲ್ಲಿ ಹಸ್ತಪ್ರತಿ ಓದುತ್ತಿದ್ದ ಕವಿ, ಫ್ಲೆಮಿಂಗ್‌ನ ಗೆಳೆಯ. ಅವನ ಬೆಂಬಲ ಇಲ್ಲದಿದ್ದರೆ ಕೇಪ್ ಬಾಂಡ್‌ನನ್ನು ಒಪ್ಪುತ್ತಿತ್ತೋ ಇಲ್ಲವೋ. ಅಂಥವರ ಪ್ರತಿಗೆ ಬೆಲೆ ಕಟ್ಟುವುದು ಕಷ್ಟ.

ನನಗೆ ತುಂಬ ಇಷ್ಟವಾದ ಹೆಸರು ರಿಚರ್ಡ್ ಹ್ಯೂಸ್. ಹಾಂಕಾಂಗ್‌ನಲ್ಲಿದ್ದ ಆಸ್ಟ್ರೇಲಿಯಾದ ಪತ್ರಕರ್ತ. 'ಯೂ ಓನ್ಲಿ ಲಿವ್ ಟ್ವೈಸ್' ಇವನಿಗೂ ಟೊರಾವೊ ಸೈಟೊ ಎಂಬ ಜಪಾನಿ ಪತ್ರಕರ್ತನಿಗೂ ಅರ್ಪಿತ. ಆ ಕಾದಂಬರಿಯ ಡಿಕ್ಕೊ ಹೆಂಡರ್ಸನ್‌ಗೆ ಹ್ಯೂಸ್‌ನೇ ಮಾದರಿ. ಮುಂದೆ 1977ರಲ್ಲಿ ಲೆ ಕಾರೆ 'ದಿ ಆನರಬಲ್ ಸ್ಕೂಲ್‌ಬಾಯ್' ಬರೆದಾಗ ಮುದುಕ ಕ್ರಾ ಎಂಬ ಪಾತ್ರಕ್ಕೂ ಇದೇ ಮನುಷ್ಯ ಬಂದ! ಒಬ್ಬರಿಗೊಬ್ಬರು ಸ್ವಲ್ಪವೂ ಹೋಲದ ಇಬ್ಬರು ಲೇಖಕರು, ಇಬ್ಬರಿಗೂ ಮಾದರಿ ಒಬ್ಬನೇ. ಇವರಲ್ಲಿ ಯಾರೇ ಹ್ಯೂಸ್‌ಗೆ ಬರೆದುಕೊಟ್ಟ ಪ್ರತಿ ಕಣ್ಣಿಗೆ ಬಿದ್ದರೂ ನಾನು ಮನೆ ಅಡ ಇಡುವುದೇ!

ಪೇಟೆಬೀದಿ

ಮೇಡಂ, ನಮಗೆ ಹತ್ತಿರದ ಒಂದು ಹೆಸರು ನಾನು ಸೇರಿಸುತ್ತೇನೆ. ಬಾಂಡ್‌ನ ಮೇಲಧಿಕಾರಿ 'ಎಂ'ಗೆ ಮಾದರಿ ಅಂತ ಸಾಮಾನ್ಯವಾಗಿ ಹೇಳುವುದು ಅಡ್ಮಿರಲ್ ಜಾನ್ ಗಾಡ್‌ಫ್ರಿಯನ್ನು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾ ಗುಪ್ತಚರ ವಿಭಾಗದ ಮುಖ್ಯಸ್ಥ. ಫ್ಲೆಮಿಂಗ್ ಅವನ ಸಹಾಯಕ. ಅಲ್ಲಿಂದ ತೆಗೆದು ಗಾಡ್‌ಫ್ರಿಯನ್ನು ಕಳಿಸಿದ್ದು ಎಲ್ಲಿಗೆ ಗೊತ್ತಾ? ಇಂಡಿಯಾಕ್ಕೆ. 1943ರಿಂದ 46ರವರೆಗೆ ರಾಯಲ್ ಇಂಡಿಯನ್ ನೇವಿಯ ದಂಡನಾಯಕ. 1946ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ನಾವಿಕರು ದಂಗೆ ಎದ್ದರಲ್ಲ, ಆಗ ಅವರ ಎದುರಿಗಿದ್ದವನು ಇವನೇ. 'ಎಂ' ಪಾತ್ರ ಓದುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಕಾಫಿತೋಟ (ಚಿಕ್ಕಮಗಳೂರು)

ಒಂದು ಸಂಶಯ. ನಮ್ಮ ಪರಿಚಯದವರಿಗೆ ಯಾರೋ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್' ತೋರಿಸಿ, ಫ್ಲೆಮಿಂಗ್ ಸಹಿ ಇದೆ, ಮೊದಲ ಮುದ್ರಣ, ಬೇಗ ಹೇಳಿ ಅಂತ ಅವಸರ ಮಾಡುತ್ತಿದ್ದಾರೆ. ಫೋಟೋದಲ್ಲಿ ಸಹಿ ಚೆನ್ನಾಗಿಯೇ ಕಾಣುತ್ತದೆ. ನೆಟ್ಟಿನಲ್ಲಿ ಸಿಗುವ ಸಹಿಗೆ ಹೊಂದುತ್ತದೆ ಕೂಡ.

ಪೇಟೆಬೀದಿ

ಬೇಡವೇ ಬೇಡ ಅನ್ನಿ! ಫ್ಲೆಮಿಂಗ್ ತೀರಿಕೊಂಡದ್ದು 1964ರ ಆಗಸ್ಟ್ 12. ಆ ಪುಸ್ತಕ ಬಂದದ್ದು 1965ರಲ್ಲಿ. 'ಆಕ್ಟೊಪಸಿ' ಇನ್ನೂ ಒಂದು ವರ್ಷ ಆದಮೇಲೆ. ಈ ಎರಡರ ಮೇಲೆ ಫ್ಲೆಮಿಂಗ್ ಸಹಿ ಕಂಡರೆ ಅಕ್ಷರ ಹೋಲಿಸುವ ಶ್ರಮವೂ ಬೇಡ.

ಆ ಪುಸ್ತಕದಲ್ಲಿ ನೋಡಬೇಕಾದ್ದು ಬೇರೆ ಇದೆ. ಮೊದಲು ತಯಾರಾದ ಕೆಲವು ಪ್ರತಿಗಳ ರಟ್ಟಿನ ಮೇಲೆ ಚಿನ್ನದ ಬಣ್ಣದ ಪಿಸ್ತೂಲಿನ ಅಚ್ಚಿದೆ. ಖರ್ಚು ಜಾಸ್ತಿ ಆಯಿತು ಅಂತ ಆಮೇಲೆ ಕೈಬಿಟ್ಟರು. ಪಿಸ್ತೂಲು ಇರುವ ಪ್ರತಿ ಸಹಿ ಇಲ್ಲದೆಯೂ ದುಬಾರಿ. ನಿಮ್ಮವರ ಪ್ರತಿಯಲ್ಲಿ ಅದಿದ್ದರೆ ಪಾಪ, ಒಳ್ಳೆ ಪುಸ್ತಕಕ್ಕೆ ಸುಳ್ಳು ಸಹಿ ಹಾಕಿ ಕೆಡಿಸಿದ್ದಾರೆ.

ಕಾಫಿತೋಟ

ಹಾಗಾದರೆ ಪುಸ್ತಕ ಹೊರಬಂದ ತಾರೀಕಿಗೂ ಬರಹದ ತಾರೀಕಿಗೂ ತಾಳೆ ನೋಡಿದರೆ ಸಾಕು ಅಲ್ವಾ? ಪ್ರಕಟವಾಗುವ ಮೊದಲಿನ ತಾರೀಕು ಇದ್ದರೆ ಸುಳ್ಳು ಅಂತಾಯಿತು.

ರೀಡಿಂಗ್ ಕನ್ನಡತಿ

ಅಷ್ಟು ಸಲೀಸಲ್ಲ. ಮೇಲೆ ಹೇಳಿದ ಪಕ್ಷಿತಜ್ಞನ ಪ್ರತಿಯನ್ನೇ ನೋಡಿ. ಬರೆದುಕೊಟ್ಟದ್ದು ಫೆಬ್ರವರಿ 5ಕ್ಕೆ, ಪುಸ್ತಕ ಅಂಗಡಿಗೆ ಬಂದದ್ದು ಮಾರ್ಚ್‌ನಲ್ಲಿ. ಲೇಖಕನಿಗೆ ಮುಂಗಡ ಪ್ರತಿಗಳು ಬಂದಿರುತ್ತವೆ, ಹತ್ತಿರದವರಿಗೆ ಅದರಲ್ಲೇ ಕೊಡುತ್ತಾನೆ. ಹಾಗಾಗಿ ಕೆಲವು ವಾರ ಮುಂಚಿನ ತಾರೀಕು ಇದ್ದರೆ ಅದು ಹತ್ತಿರದವರ ಪ್ರತಿ ಇರಬಹುದು ಅಂತ ಕಿವಿ ನಿಮಿರಬೇಕು. ಎರಡು ವರ್ಷ ಮುಂಚಿನದಾದರೆ ಮಾತ್ರ ಬಿಟ್ಟು ಓಡಬೇಕು.

ಫ್ಲೆಮಿಂಗ್ ಸಹಿಯೇ ಬೇಕು, ತಕರಾರು ಬೇಡ ಅನ್ನುವವರಿಗೆ 1963ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'ನ ವಿಶೇಷ ಆವೃತ್ತಿ ಇದೆ. 250 ಪ್ರತಿ, ನಂಬರ್ ಹಾಕಿ ಸಹಿ ಮಾಡಿದ್ದು. ಸಹಿ ಅಸಲಿಯೋ ಅನ್ನುವ ತಲೆನೋವು ಕಡಿಮೆ. ಆದರೆ ಅದರಲ್ಲಿ ಯಾರ ಹೆಸರೂ ಇಲ್ಲ, ನನಗಂತೂ ಅದು ಸ್ವಲ್ಪ ಸಪ್ಪೆ. ಸಾಲು ಹಿಡಿದು ಹಾಕಿದ ಸಹಿ.

ಈಗ ಹಳೆಹಾಳೆ ಅವರ ಪ್ರಶ್ನೆಗೆ. ಲೆ ಕಾರೆಯ ನಿಜವಾದ ಹೆಸರು ಡೇವಿಡ್ ಕಾರ್ನ್‌ವೆಲ್. ಓದುಗರಿಗೆ ಹಾಕುತ್ತಿದ್ದ ಸಹಿ 'ಜಾನ್ ಲೆ ಕಾರೆ'. ಮನೆಯವರಿಗೆ, ಹಳೆ ಗೆಳೆಯರಿಗೆ 'ಡೇವಿಡ್'. ನಿಮ್ಮ ಪ್ರತಿಯಲ್ಲಿ ಯಾವುದಿದೆ? ಸಹಿ 'ಡೇವಿಡ್' ಅಂತಿದ್ದು, ಪಡೆದವರ ಮೊದಲ ಹೆಸರು ಮಾತ್ರ ಇದ್ದರೆ ಹುಡುಕಲು ಶುರು ಮಾಡಿ. 'ಟಿಂಕರ್ ಟೈಲರ್'ನ ನಾಯಕ ಸ್ಮೈಲಿ ಪಾತ್ರಕ್ಕೆ ಇಬ್ಬರು ಮಾದರಿ ಅಂತ ಅವನೇ ಹೇಳಿದ್ದ. ಒಬ್ಬ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನ ವಿವಿಯನ್ ಗ್ರೀನ್, ಇನ್ನೊಬ್ಬ ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5ನಲ್ಲಿ ಜೊತೆಗಿದ್ದ ಜಾನ್ ಬಿಂಗಮ್. 1974ರ ಪುಸ್ತಕದಲ್ಲಿ 'ಪ್ರೀತಿಯ ವಿವಿಯನ್‌ಗೆ' ಅಂತೇನಾದರೂ ಇದ್ದರೆ ಈ ಚರ್ಚೆ ಇಲ್ಲಿಗೇ ನಿಲ್ಲಿಸಿ, ಮೊದಲು ದುಡ್ಡು ಕಳಿಸಿ!

ಹಳೆಹಾಳೆ

ಅಷ್ಟು ಪುಣ್ಯ ಮಾಡಿಲ್ಲ ಮೇಡಂ. 'ಜಾನ್ ಲೆ ಕಾರೆ' ಅಂತಲೇ ಇದೆ. ಹೆಸರು ಒಬ್ಬ ಹೆಂಗಸಿನದು. ತಾರೀಕು ಇಲ್ಲ.

ಕಡಲತಡಿ (ಉಡುಪಿ)

ಎಲ್ಲರೂ ಕೊಳ್ಳುವ ಮಾತೇ ಆಡುತ್ತಿದ್ದೀರಿ. ತಂದಮೇಲೆ ಏನು ಮಾಡುತ್ತೀರಿ? ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಇಂಗ್ಲೆಂಡಿನಲ್ಲಿ ಐವತ್ತು ವರ್ಷ ಚೆನ್ನಾಗಿದ್ದ ಪುಸ್ತಕಕ್ಕೆ ಇಲ್ಲಿ ಎರಡು ಮಳೆಗಾಲದಲ್ಲಿ ಕಂದು ಚುಕ್ಕೆ ಬಿದ್ದದ್ದು ನೋಡಿದ್ದೇನೆ.

ನಾನು ಮಾಡುವುದು ಇಷ್ಟು. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡುವುದಿಲ್ಲ. ತೇವ ತೋರಿಸುವ ಒಂದು ಸಣ್ಣ ಮೀಟರ್ ಒಳಗಿದೆ, ಶೇ 50ರ ಆಸುಪಾಸು ಇರುವ ಹಾಗೆ ಸಿಲಿಕಾ ಜೆಲ್ ಬದಲಿಸುತ್ತೇನೆ. ನುಸಿಗುಳಿಗೆ ಪುಸ್ತಕದ ಹತ್ತಿರ ಹಾಕಬೇಡಿ, ಆ ವಾಸನೆ ಹೋಗುವುದೇ ಇಲ್ಲ. ಅಜ್ಜಿ ಹೇಳಿದ ಬೇವಿನ ಎಲೆಯೂ ಬೇಡ. ಒಣಗಿ ಪುಡಿಯಾಗಿ ಪುಟದ ನಡುವೆ ಕೂರುತ್ತದೆ, ಕಲೆ ಆಗುತ್ತದೆ.

ಬಿಸಿಲು ಇನ್ನೊಂದು ಶತ್ರು. ಗೊಲಾಂಕ್ಸ್‌ನವರ ಆ ಹಳದಿ ಜಾಕೆಟ್ ಇದೆಯಲ್ಲ, ಅದರ ಬೆನ್ನು ಬೇಗ ಮಂಕಾಗುತ್ತದೆ. ಇನ್ನೊಬ್ಬ ಸ್ಪೈ ಕಾದಂಬರಿಕಾರ ಲೆನ್ ಡೈಟನ್‌ನ 'ದಿ ಇಪ್ಕ್ರೆಸ್ ಫೈಲ್' (1962) ಅದಕ್ಕಿಂತ ಕಷ್ಟ. ರೇ ಹಾಕಿ (Hawkey) ಎಂಬ ವಿನ್ಯಾಸಕಾರ ಮಾಡಿದ ಜಾಕೆಟ್. ಬಿಳಿ ಹಾಳೆ, ಮೇಲೆ ಪಿಸ್ತೂಲು, ಟೀ ಕಪ್ಪು, ಸಿಗರೇಟ್ ತುಂಡು. ಆ ಕಾಲಕ್ಕೆ ಅಂಗಡಿಯಲ್ಲಿ ಎದ್ದು ಕಾಣುತ್ತಿತ್ತಂತೆ. ಬೆರಳಿನ ಕೊಳೆ ಈಗ ಎದ್ದು ಕಾಣುತ್ತದೆ.

ಬೈಂಡರ್ ಮಗ (ಧಾರವಾಡ)

ನಮ್ಮಪ್ಪ ನಲವತ್ತು ವರ್ಷ ಲೈಬ್ರರಿ ಪುಸ್ತಕ ಬೈಂಡ್ ಮಾಡಿದವರು. ಅವರ ಕೆಲಸ ಏನು ಗೊತ್ತೇನ್ರಿ? ಜಾಕೆಟ್ ಕಿತ್ತು ಬುಟ್ಟಿಗೆ ಹಾಕೋದು, ಅಂಚು ಕತ್ತರಿಸೋದು, ಬೆನ್ನಿಗೆ ಕ್ಯಾಲಿಕೊ ಬಟ್ಟೆ ಅಂಟಿಸೋದು. ಪುಸ್ತಕ ಗಟ್ಟಿ ಆಗಬೇಕು, ಓದೋರಿಗೆ ಸಿಗಬೇಕು, ಅಷ್ಟೇ. ನಮ್ಮಲ್ಲಿ ಹಳೆ ಇಂಗ್ಲಿಷ್ ಕಾದಂಬರಿಗಳು ಜಾಕೆಟ್ ಸಮೇತ ಸಿಗೋದು ಅಪರೂಪ ಯಾಕೆ ಅಂದರೆ ಇದೇ ಕಾರಣ. ಅಪ್ಪನ ಮೇಲೆ ಸಿಟ್ಟು ಮಾಡಬೇಡಿ!

ಈಗ ನಾನು ರಿಪೇರಿ ಮಾಡುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ: ಕೈಬರಹ ಇರುವ ಪುಟಕ್ಕೆ ಏನೂ ಮಾಡಬೇಡಿ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡ, ಕಲೆ ಒರೆಸುವುದು ಬೇಡ. ಒಬ್ಬರು ಪೆನ್ಸಿಲ್ ಗೀಟುಗಳನ್ನು ನೀಟಾಗಿ ರಬ್ಬರಿನಿಂದ ಉಜ್ಜಿ ತಂದಿದ್ದರು. ಓರೆ ಬೆಳಕಿನಲ್ಲಿ ಹಿಡಿದರೆ ಒತ್ತಿನ ಗುರುತು ಉಳಿದಿತ್ತು. ಹಳೆ ಅಂಗಡಿಯ ಬೆಲೆ, ಪಕ್ಕದಲ್ಲಿ ಸ್ಟಾಕ್ ನಂಬರ್. ಪುಸ್ತಕ ಎಲ್ಲಿಂದ ಬಂತು ಅಂತ ಹೇಳುವ ಒಂದೇ ಸಾಕ್ಷಿ, ಕೊಳೆ ಅಂತ ಅಳಿಸಿದ್ದರು. ಒಳರಟ್ಟಿನ ಮೂಲೆಯಲ್ಲಿ ಅಂಗಡಿಯವರು ಅಂಟಿಸಿದ ಸಣ್ಣ ಚೀಟಿ ಇರುತ್ತದಲ್ಲ, ಹಿಗ್ಗಿನ್‌ಬಾಥಮ್ಸ್‌ನದು ಇತ್ಯಾದಿ, ಅದನ್ನೂ ಕೀಳಬೇಡಿ.

ಜಾಕೆಟ್ಟಿಗೆ ಪಾರದರ್ಶಕ ಪಾಲಿಯೆಸ್ಟರ್ ಕವರ್ ಸಿಗುತ್ತದೆ, ಅಂಟಿಲ್ಲದ್ದು. ಅದನ್ನೇ ಹಾಕಿ. ಶಾಲೆ ಪುಸ್ತಕಕ್ಕೆ ಹಾಕುವ ಮಾಮೂಲಿ ಪ್ಲಾಸ್ಟಿಕ್ ಕೆಲವು ವರ್ಷದಲ್ಲಿ ಜಿಗುಟಾಗಿ ಬಣ್ಣ ಎಳೆದುಕೊಳ್ಳುತ್ತದೆ.

ಸುಮ್ನೆ ಓದುಗ

ನಿಮ್ಮ ಮಾತು ಕೇಳುತ್ತಾ ನನಗೂ ಒಂದು ಆಸೆ ಹುಟ್ಟಿತು ನೋಡಿ. ಗ್ರಹಾಂ ಗ್ರೀನ್ ಸ್ಪೈ ಕಾದಂಬರಿಗಳನ್ನು ಬರೆದವನು, ಸ್ವತಃ ಬ್ರಿಟನ್ನಿನ ವಿದೇಶಿ ಗುಪ್ತಚರ ಸಂಸ್ಥೆ ಎಂಐ6ನಲ್ಲಿದ್ದವನು. ಮೈಸೂರಿನ ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಲು ಅವನೇ ಕಾರಣ. ಇಬ್ಬರೂ ದಶಕಗಟ್ಟಲೆ ಪತ್ರ ಬರೆದುಕೊಂಡರು. 'ಅವರ್ ಮ್ಯಾನ್ ಇನ್ ಹವಾನಾ' 1958ರದು, 'ದಿ ಕ್ವಯಟ್ ಅಮೆರಿಕನ್' 1955ರದು. ಇವುಗಳಲ್ಲಿ ಒಂದರ ಮೇಲೆ 'ನಾರಾಯಣ್‌ಗೆ, ಗ್ರಹಾಂ' ಅಂತ ಇದ್ದರೆ? ಅದಕ್ಕೆ ದೋಸೆ ದುಡ್ಡಿನ ಲೆಕ್ಕ ಹಾಕುವುದಿಲ್ಲ, ಒಪ್ಪಿದೆ.

ಪೇಟೆಬೀದಿ

ಅಂಥದ್ದು ಇದ್ದು, ಸಿಕ್ಕರೆ, ನೀವು ಕೊಳ್ಳಬೇಡಿ. ನಾರಾಯಣ್ ಅವರ ಯಾದವಗಿರಿಯ ಮನೆ ಈಗ ಮ್ಯೂಸಿಯಂ ಆಗಿದೆಯಲ್ಲ, ಅಲ್ಲಿ ಇರಬೇಕಾದ್ದು ಅದು. ಫ್ಲೆಮಿಂಗ್‌ನ ಸ್ವಂತ ಪುಸ್ತಕ ಸಂಗ್ರಹವೂ ಹಾಗೇ ಸಾರ್ವಜನಿಕರಿಗೆ ಸಿಕ್ಕಿತು. ಅವನೂ ಮೊದಲ ಮುದ್ರಣದ ಹುಚ್ಚಿನವನೇ. ಲೋಕದಲ್ಲಿ ಏನಾದರೂ ಹೊಸದನ್ನು ಶುರು ಮಾಡಿದ ಪುಸ್ತಕಗಳು ಮಾತ್ರ ಬೇಕು ಅಂತ ವಿಜ್ಞಾನ, ವೈದ್ಯ, ಆಟ ಎಲ್ಲ ವಿಷಯದ್ದೂ ಕೂಡಿಸಿದ್ದ. ಅದು ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಲೈಬ್ರರಿಯಲ್ಲಿದೆ, ಬಾಂಡ್ ಹಸ್ತಪ್ರತಿಗಳೂ ಅಲ್ಲೇ ಇವೆ.

ಹಳೆಹಾಳೆ ಸಾರ್, ನಿಮ್ಮ ಪ್ರಶ್ನೆಗೆ ನನ್ನ ಲೆಕ್ಕ: ಗುರುತಿಲ್ಲದ ಹೆಸರು ಇದ್ದರೆ ಮಾರುಕಟ್ಟೆಯಲ್ಲಿ ಬರೀ ಸಹಿಗಿಂತ ಸ್ವಲ್ಪ ಕಡಿಮೆ ಕೇಳುತ್ತಾರೆ. ಇನ್ನೊಬ್ಬರ ಹೆಸರಿನ ಪುಸ್ತಕ ಯಾಕೆ ಅಂತ ಕೆಲವರಿಗೆ ಮನಸ್ಸು ಬರುವುದಿಲ್ಲ. ಆದರೆ ಸುಳ್ಳು ಬರೆಯುವವನಿಗೆ ಒಂದು ಸಹಿ ಸುಲಭ, ಎರಡು ಸಾಲು ಕಷ್ಟ. ಸಾಲಿನಲ್ಲಿ ಕೈಯ ಓಟ ಗೊತ್ತಾಗುತ್ತದೆ. ನಿಧಾನಕ್ಕೆ ಬಿಡಿಸಿದ ಅಕ್ಷರ ನಡುಗಿರುತ್ತದೆ, ಪೆನ್ನು ಎತ್ತಿ ಇಟ್ಟ ಕಡೆ ಶಾಯಿ ಚುಕ್ಕೆ ಕಟ್ಟಿರುತ್ತದೆ. ಎರಡಕ್ಕೂ ಒಂದೇ ಬೆಲೆ ಅಂದರೆ ನಾನು ಹೆಸರಿನ ಪ್ರತಿಯನ್ನೇ ತಗೊಳ್ಳುತ್ತೇನೆ, ಬೆಲೆ ಸ್ವಲ್ಪ ಇಳಿಸಲು ಕೇಳಿ.

ಸುಂಕದ ಲೆಕ್ಕವೂ ಹಾಕಿಕೊಳ್ಳಿ. 2019ರ ಬಜೆಟ್ಟಿನಲ್ಲಿ ಆಮದು ಪುಸ್ತಕಕ್ಕೆ ಶೇ 5 ಹಾಕಿದರು, ಈಗಿನ ದರ ಎಷ್ಟು ಅಂತ ಕೊರಿಯರ್‌ನವರನ್ನು ಮೊದಲೇ ಕೇಳಿ. ಸುಂಕ ಉಳಿಸಲು ಕಡಿಮೆ ಬೆಲೆ ಬರೆಸಬೇಡಿ. ಪಾರ್ಸೆಲ್ ಕಳೆದರೆ ವಿಮೆ ಸಿಗುವುದೂ ಅಷ್ಟೇ.

ರೀಡಿಂಗ್ ಕನ್ನಡತಿ

ವ್ಯಾಪಾರಿ ಎಬಿಎ ಸದಸ್ಯರಾ ಅಂತ ನೋಡಿ, ಅದು ಇಲ್ಲಿನ ಹಳೆ ಪುಸ್ತಕ ವ್ಯಾಪಾರಿಗಳ ಸಂಘ. ಸಹಿ ಅಸಲಿ ಅಲ್ಲ ಅಂತಾದರೆ ಯಾವಾಗ ಬೇಕಾದರೂ ವಾಪಸ್ ತಗೊಳ್ಳುತ್ತೇನೆ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಆಮೇಲೆ ಆ ಪ್ರತಿ ಅವರ ಕೈಗೆ ಎಲ್ಲಿಂದ ಬಂತು ಅಂತ ಕೇಳಿ. ಒಂದು ಮನೆಯ ಕಪಾಟಿನಿಂದ ಹತ್ತಾರು ಪುಸ್ತಕ ಒಟ್ಟಿಗೆ ಬಂದಿದ್ದರೆ ಆ ಹೆಂಗಸು ಯಾರು ಅನ್ನುವುದಕ್ಕೆ ಉಳಿದ ಪುಸ್ತಕಗಳಲ್ಲಿ ಸುಳಿವು ಸಿಗಬಹುದು.

ಹಳೆಹಾಳೆ

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ವ್ಯಾಪಾರಿಗೆ ಬರೆದೆ, ಈಗ ಉತ್ತರ ಬಂತು. ಸಂಘದ ಸದಸ್ಯರೇ. ವಾಪಸಾತಿ ಮಾತನ್ನು ಬಿಲ್ಲಿನಲ್ಲಿ ಬರೆದುಕೊಡುತ್ತಾರಂತೆ. ಪುಸ್ತಕ ಬಂದದ್ದು ಕಾರ್ನ್‌ವಾಲ್‌ನ ಒಂದು ಮನೆ ಖಾಲಿ ಮಾಡಿದಾಗ.

ರೀಡಿಂಗ್ ಕನ್ನಡತಿ

ಕಾರ್ನ್‌ವಾಲ್?! ಲೆ ಕಾರೆ ದಶಕಗಟ್ಟಲೆ ಇದ್ದದ್ದೇ ಅಲ್ಲಿ, ಸಮುದ್ರದ ದಂಡೆಯ ಬಂಡೆ ಮೇಲಿನ ಮನೆ. ಊರಿನವರಿಗೆ ಬರೆದುಕೊಟ್ಟಿರಬಹುದು. ಅಷ್ಟಕ್ಕೇ ಕುಣಿಯುವುದು ಬೇಡ, ಊರಿನ ಅಂಗಡಿಯಲ್ಲಿ ಸಹಿ ಹಾಕಿದ್ದೂ ಇರಬಹುದು. ಅದೇ ಮನೆಯಿಂದ ಬೇರೆ ಯಾವ ಪುಸ್ತಕ ಬಂದವು, ಅವುಗಳಲ್ಲೂ ಅದೇ ಹೆಸರಿದೆಯಾ ಅಂತ ಇವತ್ತೇ ಕೇಳಿ. ನಿಮಗಿಂತ ಮುಂಚೆ ಬೇರೆ ಯಾರಾದರೂ ಕೇಳಿಬಿಟ್ಟಾರು.

ಹಳೆಹಾಳೆ

ಕೇಳಿದ್ದೇನೆ. ಉತ್ತರ ಬರುವ ತನಕ ಪ್ರತಿಯನ್ನು ತೆಗೆದಿಡಲೂ ಹೇಳಿದ್ದೇನೆ. ಸ್ವಲ್ಪ ಮುಂಗಡ ಕೊಡಬೇಕಾಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ.